ಪ್ಲಾಸ್ಟಿಕ್ ಡಬ್ಬಿ ಕೊಟ್ಟ ಸೊಸೈಟಿ

ದಾವಣಗೆರೆಯ ಕಾಲೇಜೊಂದರಲ್ಲಿ ನಾನು ಅರ್ಥಶಾಸ್ತ್ರ ಕಲಿಸುತ್ತೇನೆ. ಸೋವಿಯತ್ ಒಕ್ಕೂಟ ಒಡೆದ ಮೇಲೆ ಅಲ್ಲಿನ ಬ್ಯಾಂಕುಗಳು ಯಾಕೆ ಒಂದರ ಹಿಂದೊಂದು ಕುಸಿದವು ಎಂಬ ಪಾಠವೆಂದರೆ ನನಗೆ ಬಲು ಇಷ್ಟ. ಒಮ್ಮೆ ಹರಿಹರಕ್ಕೆ ಹೋದಾಗ, ಬೆಳ್ಳುಳ್ಳಿ ಸುಲಿಯುತ್ತಿದ್ದ ಅತ್ತೆಗೂ ಅದನ್ನು ಒಪ್ಪಿಸಿದೆ. ಕಾರ್ಖಾನೆಯ ಯಜಮಾನನೇ ಬ್ಯಾಂಕು ತೆರೆಯುತ್ತಾನೆ, ಊರವರ ಠೇವಣಿ ಕೂಡಿಸಿ ತನ್ನ ಕಾರ್ಖಾನೆಗೇ ಸಾಲ ಕೊಟ್ಟುಕೊಳ್ಳುತ್ತಾನೆ. ಕೇಳಬೇಕಾದವರು ಕಣ್ಣು ಮುಚ್ಚಿ ಕೂರುತ್ತಾರೆ. ಕಾರ್ಖಾನೆ ಮುಳುಗಿದ ದಿನ ಬ್ಯಾಂಕೂ ಮುಳುಗುತ್ತದೆ ಎಂದೆ.

ಅತ್ತೆಗೆ ಹೇಳಲು ಕಾರಣವಿತ್ತು. ಮಂಡಿ ಆಪರೇಷನ್ನಿಗೆಂದು ಕೂಡಿಟ್ಟ ದುಡ್ಡನ್ನೆಲ್ಲ ಅವರು ಬಡ್ಡಿ ಜಾಸ್ತಿ ಎಂದು ಬೀದಿ ತುದಿಯ ಪತ್ತಿನ ಸೊಸೈಟಿಯಲ್ಲಿ ಇಟ್ಟಿದ್ದರು. ಅದರ ಅಧ್ಯಕ್ಷರಿಗೆ ಮಲೆಬೆನ್ನೂರು ರಸ್ತೆಯಲ್ಲಿ ಅಕ್ಕಿ ಗಿರಣಿ. ಸೊಸೈಟಿಯ ದೊಡ್ಡ ಸಾಲ ಹೋಗಿದ್ದು ಆ ಗಿರಣಿಗೇ, ಜಾಮೀನು ಅವರ ಭಾವಮೈದುನನದೇ. ಇದು ಊರಿಗೆಲ್ಲ ಗೊತ್ತಿದ್ದ ವಿಷಯ.

ಅತ್ತೆ ಹೆದರುವ ಬದಲು ಸಮಾಧಾನಪಟ್ಟರು. "ಒಳ್ಳೇದೇ ಆತಲ್ಲ. ದುಡ್ಡು ಎಲ್ಲೂ ಹೋಗಿಲ್ಲ, ಬಸ್ಸಿನಾಗೆ ಕುಂತ್ರೆ ಕಾಣ್ತೈತೆ."

ನನಗೆ ಮೈ ಉರಿಯಿತು. ಕಾಣುವುದು ಗಿರಣಿ, ನಿಮ್ಮ ದುಡ್ಡಲ್ಲ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ.

ಅವರ ಕಣ್ಣು ತೆರೆಸಿದ್ದು ಸೊಸೈಟಿಯ ವಾರ್ಷಿಕ ಸಭೆ. ಸದಸ್ಯರೆಲ್ಲ ಕೈ ಎತ್ತಿ ಲೆಕ್ಕಪತ್ರ ಒಪ್ಪಿ, ಊಟ ಮಾಡಿ, ಒಂದೊಂದು ಸ್ಟೀಲ್ ಡಬ್ಬಿ ಹಿಡಿದು ಮನೆಗೆ ಬರುವುದು ಅಲ್ಲಿನ ವಾಡಿಕೆ. ಆ ಸಲ ಕೊಟ್ಟಿದ್ದು ಪ್ಲಾಸ್ಟಿಕ್ ಡಬ್ಬಿ. ಮುಚ್ಚಳವೂ ಸರಿಯಾಗಿ ಕೂರುತ್ತಿರಲಿಲ್ಲ. ಅತ್ತೆ ಅದನ್ನು ತಿರುವಿ ಮುರುವಿ ನೋಡಿ ನನಗೆ ಫೋನ್ ಮಾಡಿದರು. ದುಡ್ಡು ತೆಗೆಯಬೇಕಂತೆ, ನಾಳೆಯೇ ಬರಬೇಕಂತೆ.

ಯಾರ ಮುಂದೆಯೂ ಬಾಯಿ ಬಿಡಬೇಡಿ, ಒಬ್ಬರಿಗೆ ತಿಳಿದರೆ ಊರೇ ಓಡಿಬರುತ್ತದೆ, ಮುಂದೆ ನಿಂತವರಿಗಷ್ಟೇ ಸಿಗುತ್ತದೆ ಎಂದು ಪಾಠದ ಉಳಿದರ್ಧವನ್ನೂ ಹೇಳಿದೆ. ಬೆಳಿಗ್ಗೆ ಹೋಗಿ ನೋಡಿದರೆ ಬೀದಿಯ ಹೆಂಗಸರೆಲ್ಲ ಸೊಸೈಟಿಯ ಮೆಟ್ಟಿಲ ಮೇಲಿದ್ದರು. ಎಲ್ಲರಿಗಿಂತ ಮುಂದೆ ಬಟ್ಟೆ ಹೊಲಿಯುವ ಪಕ್ಕದ ಮನೆಯ ಖಾಲಾ, ಎಲ್ಲರಿಗಿಂತ ಹಿಂದೆ ನಮ್ಮತ್ತೆ. ನನ್ನನ್ನು ಕಂಡಿದ್ದೇ ತಡ, ಮೇಡಂ ನೀವಾದರೂ ಇವರಿಗೆ ಸ್ವಲ್ಪ ಧೈರ್ಯ ಹೇಳಿ ಎಂದು ಮ್ಯಾನೇಜರು ಗೋಗರೆದರು. ನಾನು ಕುಡಿಯಲು ನೀರು ಕೇಳಿದೆ.

ಖಾಲಾಗೆ ಪೂರ್ತಿ ಸಿಕ್ಕಿತು. ಅತ್ತೆಯ ಸರದಿ ಬರುವ ಮೊದಲೇ ಗಲ್ಲಾ ಖಾಲಿಯಾಯಿತು. ಸೋಮವಾರ ಬರ್ರಿ ಎಂದರು.

ನನಗೆ ಅಳುವೇ ಬಂತು. ಹೇಳಿದ್ದೇನು, ನೀವು ಮಾಡಿದ್ದೇನು ಎಂದು ಅತ್ತೆಯ ಮೇಲೆ ರೇಗಿದೆ.

"ಕರ್ಕಂಡು ಬಂದಾಕಿ ನಾನು. ನಾನೇ ಮುಂದೆ ನಿಂತ್ರೆ ಹೆಂಗೆ?" ಎಂದರು.

ನಾನು ಓದಿದ ಪುಸ್ತಕಗಳ ಯಾವ ಠೇವಣಿದಾರನೂ ಹೀಗೆ ಕೊನೆಯಲ್ಲಿ ನಿಂತಿರಲಿಲ್ಲ.

ಈಗ ಪ್ರತಿ ಸೋಮವಾರ ಅತ್ತೆ ಸೊಸೈಟಿಗೆ ಹೋಗುತ್ತಾರೆ. ಒಂದು ವಾರ ಅಷ್ಟಿಷ್ಟು ದುಡ್ಡು ಸಿಗುತ್ತದೆ, ಒಂದು ವಾರ ಬರೀ ಟೀ. ಟೀಯನ್ನೂ ಬಡ್ಡಿಯ ಲೆಕ್ಕಕ್ಕೆ ಹಾಕಿಕೊಂಡು ಕುಡಿದೇ ಬರುತ್ತಾರೆ. ಸೊಸೈಟಿ ಇರುವುದು ಎರಡನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಮಂಡಿಯ ದುಡ್ಡಿಗಾಗಿ ಅದೇ ಮಂಡಿಯ ಮೇಲೆ ಕೈಯೂರಿ ಒಂದೊಂದೇ ಮೆಟ್ಟಿಲು ಹತ್ತುತ್ತಾರೆ. ಇನ್ನೊಂದು ತೋಳನ್ನು ಖಾಲಾ ಹಿಡಿದಿರುತ್ತಾರೆ.