ಸೋಪು ಕರಗಿದ ಆಯುಧಪೂಜೆ

ನಾನು ಚಿಕ್ಕವಳಿದ್ದಾಗಿನಿಂದಲೂ ನನಗೆ ಕೋಪ ಮೂಗಿನ ತುದಿಯಲ್ಲೇ ಇದೆಯಂತೆ. ನನ್ನ ಮಗ, ನಿಮ್ಮಪ್ಪ, ನಿಮಗೆ ಹೇಳಿಕೊಟ್ಟಿದ್ದಾನೆ. ಇರಲಿ, ಒಪ್ಪಿದೆ. ಆದರೆ ಅದು ಯಾವತ್ತು ಅಲ್ಲಿ ಬಂದು ಕೂತಿತು ಅನ್ನುವುದು ಅವನಿಗೂ ಗೊತ್ತಿಲ್ಲ. ಇವತ್ತು ನಾನೇ ಹೇಳುತ್ತೇನೆ. ಮಧ್ಯೆ ಬಾಯಿ ಹಾಕಬೇಡಿ.

ನಮ್ಮ ಮನೆ ಕಂಪಲಾಪುರದಲ್ಲಿ ರಸ್ತೆಗೆ ಅಂಟಿಕೊಂಡೇ ಇತ್ತು. ಅಪ್ಪನಿಗೆ ಬೀಜ, ಗೊಬ್ಬರ, ಹಗ್ಗ, ಗೋಣಿಚೀಲ ಮಾರುವ ಅಂಗಡಿ. ಒಂದು ವರ್ಷ ಅಪ್ಪ ಕೊಡಗಿನ ಕಾಫಿ ತೋಟದವರೊಬ್ಬರಿಂದ ಹಳೆಯ ಕಾರೊಂದನ್ನು ಕೊಂಡು ತಂದ. ಕರಿ ಬಣ್ಣ, ಕಪ್ಪೆಯ ಕಣ್ಣಿನಂತೆ ಉಬ್ಬಿದ ದೀಪಗಳು, ಒಳಗೆ ಕೆಂಪು ಸೀಟು. ನಮ್ಮ ಬೀದಿಗೆಲ್ಲ ಅದೊಂದೇ ಕಾರು. ಅಪ್ಪ ಅದನ್ನು ಓಡಿಸಿದ್ದಕ್ಕಿಂತ ಒರೆಸಿದ್ದೇ ಹೆಚ್ಚು. ಅಕ್ಕನೂ ನಾನೂ ತಲೆ ಬಾಚಿಕೊಂಡಿದ್ದೇವೋ ಇಲ್ಲವೋ ಎಂದು ಒಂದು ದಿನ ನೋಡದವನು, ಕಾರಿನ ಮೇಲೆ ಕಾಗೆ ಕೂತರೆ ಅಂಗಡಿ ಬಿಟ್ಟು ಓಡಿ ಬರುತ್ತಿದ್ದ.

ಹಿಂದಿನ ಸೀಟು ನನ್ನದು. ಪೆಟ್ರೋಲ್ ಟ್ಯಾಂಕು ಇದ್ದದ್ದು ಅದರ ಹಿಂದೆಯೇ, ಕಾರಿನ ಹೊಟ್ಟೆಯ ಅಡಿಯಲ್ಲಿ. ಹಾಗಾಗಿ ಆ ವಾಸನೆ ಮೊದಲು ಬಡಿದದ್ದು ನನ್ನ ಮೂಗಿಗೆ. ಮೂಗನ್ನು ಚುಚ್ಚಿ ತಲೆಗೆ ಏರುವ ವಾಸನೆ. ಬೇರೆ ಯಾರಿಗೂ ಅದು ಹತ್ತಲಿಲ್ಲ. ಅದು ಹೊಗೆಸೊಪ್ಪು ಬೇಯಿಸುವ ಕಾಲ. ಊರ ಸುತ್ತಲೂ ಎಲೆ ಒಣಗಿಸುವ ಬ್ಯಾರನ್ ಮನೆಗಳಲ್ಲಿ ಹಗಲೂ ರಾತ್ರಿ ಸೌದೆ ಉರಿಯುತ್ತಿತ್ತು. ಉಟ್ಟ ಬಟ್ಟೆ, ಉಣ್ಣುವ ಅನ್ನ, ಎಲ್ಲಕ್ಕೂ ಹೊಗೆಸೊಪ್ಪಿನದೇ ಘಾಟು. ಆ ಘಾಟಿನಲ್ಲಿ ದೊಡ್ಡವರ ಮೂಗು ಸತ್ತೇ ಹೋಗಿತ್ತು ಅಂತ ಕಾಣುತ್ತದೆ.

ನಾನು ಹೇಳಿದ್ದಕ್ಕೆ ಅಪ್ಪ ಅಂಗಡಿಯ ಮುಂದೆ ನಾಲ್ಕು ಜನರ ಎದುರಿಗೇ, "ಕಾರು ಅಂದ್ಮೇಲೆ ಪೆಟ್ರೋಲ್ ವಾಸ್ನೆ ಬರ್ದೆ ಮಲ್ಗೆ ಹೂವಿನ್ ವಾಸ್ನೆ ಬತ್ತದಾ?" ಅಂದ. ಎಲ್ಲರೂ ನಕ್ಕರು. ನನ್ನ ಕಿವಿ ಬಿಸಿಯಾಯಿತು. ಇವತ್ತಿಗೂ ಆ ನಗು ನೆನೆದರೆ ಬಿಸಿಯಾಗುತ್ತದೆ.

ಒಂದು ಬೆಳಿಗ್ಗೆ ಅಕ್ಕ ಅಂಗಳ ಗುಡಿಸಲು ಹೋದಾಗ ಕಾರಿನ ಹಿಂಭಾಗದ ನೆಲ ಒದ್ದೆಯಾಗಿತ್ತು. ಆಗ ಎಲ್ಲರಿಗೂ ಮೂಗು ಬಂತು! ಪಿರಿಯಾಪಟ್ಟಣದಿಂದ ಮೆಕ್ಯಾನಿಕ್ ಬಂದು ಕಾರಿನ ಅಡಿಗೆ ನುಸುಳಿ ನೋಡಿದ. ಟ್ಯಾಂಕಿನ ತಳ ತುಕ್ಕು ಹಿಡಿದಿದೆ, ಬಿಚ್ಚಿ ತೆಗೆದುಕೊಂಡು ಹೋಗಬೇಕು, ಅಲ್ಲಿಯವರೆಗೆ ಕಾರು ಅಲ್ಲಾಡುವ ಹಾಗಿಲ್ಲ ಅಂದ. ಅಪ್ಪನ ಮುಖ ಹುಳ್ಳಗಾಯಿತು. ಆಯುಧಪೂಜೆ ಹತ್ತಿರವಿತ್ತು. ಕಾರು ಬಂದ ಮೇಲೆ ಮೊದಲನೇ ಆಯುಧಪೂಜೆ. ನೆಂಟರನ್ನೆಲ್ಲ ಕರೆದಾಗಿತ್ತು. ಹೊಟ್ಟೆ ಬಿಚ್ಚಿದ ಕಾರಿಗೆ ಹಾರ ಹಾಕುವುದುಂಟೆ? ಹಬ್ಬ ಕಳೆಯಲಿ, ಆಮೇಲೆ ನೋಡೋಣ ಎಂದು ಮೆಕ್ಯಾನಿಕ್‌ನನ್ನು ಸಾಗಹಾಕಿದ. "ಒಲೆ ಪಕ್ಕ ನಿಲ್ಲಿಸ್ಬ್ಯಾಡಿ ಸ್ವಾಮಿ, ನಂದೇನು ಓಯ್ತದೆ" ಎಂದು ಅವನು ಸಿಡುಕಿಕೊಂಡೇ ಬಸ್ ಹತ್ತಿದ.

ಆಗ ಮುಂದೆ ಬಂದವನು ಚಿಕ್ಕಪ್ಪ. ಅವನಿಗೆ ಗೊತ್ತಿಲ್ಲದ ವಿದ್ಯೆಯೇ ಇರಲಿಲ್ಲ. ಬಟ್ಟೆ ಒಗೆಯುವ ಬಾರ್ ಸೋಪಿನ ತುಂಡನ್ನು ಬೆಲ್ಲದ ಜೊತೆ ಹಿಸುಕಿ, ಅಂಟಿನಂತೆ ಮಾಡಿ, ಸೋರುವ ಜಾಗಕ್ಕೆ ಒತ್ತಿ ಮೆತ್ತಿದ. ಲಾರಿಯವರು ದಾರಿಯಲ್ಲಿ ಮಾಡುವ ಉಪಾಯವಂತೆ. ಸೋಪನ್ನು ಪೆಟ್ರೋಲು ಕರಗಿಸುವುದಿಲ್ಲ. ನಿಜವಾಗಿಯೂ ಸೋರುವುದು ನಿಂತಿತು. ವಾಸನೆಯೂ ಹೋಯಿತು. ಅಪ್ಪ ಚಿಕ್ಕಪ್ಪನ ಬೆನ್ನು ತಟ್ಟಿದ. ಮೊದಲು ವಾಸನೆ ಹಿಡಿದವಳ ಬೆನ್ನನ್ನು ಯಾರೂ ತಟ್ಟಲಿಲ್ಲ.

ಆಯುಧಪೂಜೆಯ ದಿನ ಬೆಳಗಾಗುತ್ತಲೇ ಗಲಾಟೆ ಶುರುವಾಯಿತು. ಅಂಗಡಿಯ ತಕ್ಕಡಿ, ಕುಡುಗೋಲು, ಮಚ್ಚು, ಕಾರಿನ ಸ್ಪ್ಯಾನರ್‌ಗಳು, ಎಲ್ಲವನ್ನೂ ತೊಳೆದು ದೇವರ ಮನೆಯಲ್ಲಿ ಜೋಡಿಸಿ ವಿಭೂತಿ ಕುಂಕುಮ ಇಟ್ಟಾಯಿತು. ನಿಮಗೆ ಗೊತ್ತಲ್ಲ, ಪೂಜೆಗಿಟ್ಟ ಆಯುಧವನ್ನು ಮಾರನೆಯ ದಿನದವರೆಗೆ ಯಾರೂ ಮುಟ್ಟುವಂತಿಲ್ಲ. ಒಳಗೆ ಅವ್ವ ಸೌದೆ ಒಲೆಯ ಮೇಲೆ ಹೋಳಿಗೆಗೆ ಬೇಳೆ ಬೇಯಲು ಇಟ್ಟಿದ್ದಳು. ಹೊರಗೆ ಅಪ್ಪ, ಚಿಕ್ಕಪ್ಪ ಇಬ್ಬರೂ ಪಂಚೆ ಎತ್ತಿ ಕಟ್ಟಿ ಕಾರು ತೊಳೆಯುತ್ತಿದ್ದರು. ವರ್ಷಕ್ಕೊಮ್ಮೆಯ ಪೂಜೆ, ಅಡಿಯಲ್ಲೂ ಒಂದು ಚೂರು ಮಣ್ಣಿರಬಾರದು ಅಂತ ಬಕೆಟ್ ಬಕೆಟ್ ನೀರನ್ನು ಬೀಸಿ ಬೀಸಿ ಕಾರಿನ ಹೊಟ್ಟೆಗೆ ಹೊಡೆದರು.

ಮಕ್ಕಳೇ, ನೀವು ದಿನಾ ಕೈ ತೊಳೆಯುತ್ತೀರಲ್ಲ, ನೀರು ಬಿದ್ದರೆ ಸೋಪು ಏನಾಗುತ್ತದೆ? ನಿಮಗೆ ಗೊತ್ತು. ಆ ಇಬ್ಬರು ಗಂಡಸರಿಗೆ ಹೊಳೆಯಲಿಲ್ಲ. ಪೆಟ್ರೋಲಿಗೆ ಜಗ್ಗದ ಸೋಪೂ ಬೆಲ್ಲವೂ ನೀರಿಗೆ ಕರಗಿ ಹರಿದುಹೋದವು.

ನನಗೆ ಮತ್ತೆ ಆ ವಾಸನೆ ಬಂತು. "ಅಪ್ಪ, ಪೆಟ್ರೋಲ್ ವಾಸ್ನೆ ಬತ್ತಾ ಅದೆ" ಅಂದೆ. ಅಪ್ಪ ಚೆಂಡುಹೂವಿನ ಹಾರ ಕಟ್ಟುತ್ತಿದ್ದ, ತಲೆ ಎತ್ತಲಿಲ್ಲ. ಚಿಕ್ಕಪ್ಪನಿಗೆ ಹೇಳಿದೆ. "ನಾನು ಮೆತ್ತಿರೋದು ಕಣವ್ವ, ಅದು ಅಂಗೆಲ್ಲಾ ಬಿಡಾಕಿಲ್ಲ" ಅಂದ. ನೆಂಟರೊಬ್ಬರು "ಎಣ್ಮಗೀಗೆ ಯಾಕೆ ಕಾರಿನ್ ಉಸಾಬರಿ" ಅಂದರು. ಒಳಗೆ ಓಡಿ ಅವ್ವನನ್ನು ಕರೆದರೆ, ಬೇಳೆ ಉಕ್ಕುತ್ತಿದ್ದ ಗಡಿಬಿಡಿಯಲ್ಲಿ ಅವಳೂ ಸುಮ್ಮನಿರು ಎಂದು ಗದರಿದಳು. ಒಂದು ಮಗು ಇನ್ನೇನು ಮಾಡಬೇಕು ಹೇಳಿ?

ಅಂಗಳ ರಸ್ತೆಯ ಕಡೆಗೆ ಇಳಿಜಾರು. ನಾಲ್ಕು ಜನ ನೋಡಲಿ ಅಂತ ಕಾರಿನ ಮುಖವೂ ರಸ್ತೆಗೇ ಇತ್ತು. ತೊಳೆದ ನೀರೆಲ್ಲ ಹಿಂದಿನಿಂದ ಕಾರಿನ ಅಡಿಯಲ್ಲೇ ಹರಿದು ಮುಂದಿನ ಚಕ್ರದ ಹತ್ತಿರ ಮಡುಗಟ್ಟಿ ನಿಂತಿತ್ತು. ಆ ನೀರಿನ ಮೇಲೆ ಬಣ್ಣ ಬಣ್ಣ ಹೊಳೆಯುತ್ತಿತ್ತು. ನೇರಳೆ, ಹಸಿರು, ಹಳದಿ, ಥೇಟ್ ಕಾಮನಬಿಲ್ಲು. ಪೆಟ್ರೋಲು ನೀರಿನ ಮೇಲೆ ತೇಲುತ್ತಿತ್ತು. ಅಕ್ಕ ಹಳದಿ ರೇಷ್ಮೆ ಲಂಗ ಉಟ್ಟು, ಇನ್ನೂ ದೀಪ ಹಚ್ಚದ ಆರತಿ ತಟ್ಟೆ ಹಿಡಿದು, ಬರಿಗಾಲಿನಲ್ಲಿ ಅದೇ ನೀರಿನಲ್ಲಿ ನಿಂತಿದ್ದಳು. ಲಂಗದ ಅಂಚು ನೀರು ಹೀರಿ ಒಂದು ಗೇಣು ಒದ್ದೆಯಾಗಿತ್ತು.

ಅಪ್ಪ ಬೂದುಗುಂಬಳಕಾಯಿಯ ಮೇಲೆ ಕರ್ಪೂರ ಹಚ್ಚಿದ. ಚಿಕ್ಕಪ್ಪ ಜಾಗಟೆ ಬಾರಿಸತೊಡಗಿದ. ಅಪ್ಪ ಕಾಯನ್ನು ಎರಡೂ ಕೈಯಲ್ಲಿ ಹಿಡಿದು ಕಾರಿಗೆ ನಿವಾಳಿಸಿದ. ಅದನ್ನು ಎಲ್ಲಿ ಒಡೆಯುತ್ತಾರೆ? ಮುಂದಿನ ಚಕ್ರದ ಮುಂದೆ, ಉರಿಯುವ ಕರ್ಪೂರದ ಸಮೇತ. ನಾನು ಕೂಗಿದೆ. ಜಾಗಟೆಯ ಸದ್ದಿನಲ್ಲಿ ನನ್ನ ಕೂಗು ನನಗೇ ಕೇಳಲಿಲ್ಲ. ಅಪ್ಪ ಕಾಯನ್ನು ತಲೆಯ ಮೇಲಕ್ಕೆ ಎತ್ತಿದ.

ಕಾರು ಒರೆಸಿದ ಕೊಳೆನೀರಿನ ಬಕೆಟ್ಟು ಅಲ್ಲೇ ಇತ್ತು. ನನಗೆ ಆ ಶಕ್ತಿ ಎಲ್ಲಿಂದ ಬಂತೋ, ಎತ್ತಿ ಅಪ್ಪನ ಮೈಮೇಲೆ ಎರಚಿದೆ. ಕರ್ಪೂರ ಚೊಂಯ್ ಅಂತ ಆರಿತು. ಅಪ್ಪನ ಹೊಸ ಪಂಚೆ, ಹಣೆಯ ವಿಭೂತಿ, ಕುಂಬಳಕಾಯಿ, ಎಲ್ಲದರಿಂದ ಕೆಸರು ತೊಟ್ಟಿಕ್ಕಿತು. ಜಾಗಟೆ ನಿಂತಿತು.

ಅಪ್ಪ ಕುಂಬಳಕಾಯಿಯನ್ನು ಕಟ್ಟೆಯ ಮೇಲಿಟ್ಟು ಬಂದು ನನ್ನ ಕೆನ್ನೆಗೆ ಬಾರಿಸಿದ. "ಅಬ್ಬದ್ ದಿನ ಆರತಿ ಆರ್ಸುದ್ಯಲ್ಲೇ ಮೂದೇವಿ!" ನನಗೆ ಅಳು ಬರಲಿಲ್ಲ. ಅಳುವುದಕ್ಕೆ ಜಾಗವಿಲ್ಲದಷ್ಟು ಸಿಟ್ಟು ತುಂಬಿತ್ತು. ಅಪ್ಪನ ಕೈಯನ್ನು ಹಿಡಿದೆಳೆದು ಆ ನೀರಿನಲ್ಲಿ ಅದ್ದಿದೆ. "ಮೂಸು! ಈಗ್ಲಾದ್ರೂ ಮೂಸ್ನೋಡು!" ಎಂದು ಕಿರುಚಿದೆ.

ಅಪ್ಪ ಬೆರಳು ಮೂಗಿಗೆ ಹಿಡಿದ. ಆಮೇಲೆ ನೀರನ್ನು ನೋಡಿದ, ಅಕ್ಕನ ಪಾದ ನೋಡಿದ, ಒದ್ದೆ ಲಂಗ ನೋಡಿದ. ಅಕ್ಕನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ರಸ್ತೆಯ ಆಚೆಗೆ ಓಡಿದ.

ಮುಂದಿನದ್ದನ್ನೆಲ್ಲ ನಡೆಸಿದವಳು ಅವ್ವ. ಬೇಳೆ ಅರ್ಧ ಬೆಂದಿದ್ದ ಒಲೆಗೆ ಕೊಡ ನೀರು ಸುರಿದಳು. ಚಿಕ್ಕಪ್ಪ ಕಾರಿನ ಅಡಿಗೆ ನುಸುಳಿ, ಸೋರುವುದು ಜಾಸ್ತಿಯಾಗಿದೆ, ಕೆಳಗಿನ ನಟ್ಟು ಬಿಚ್ಚಿ ಟ್ಯಾಂಕು ಬರಿದು ಮಾಡಬೇಕು ಅಂದ. ಆದರೆ ಸ್ಪ್ಯಾನರ್ ದೇವರ ಮನೆಯಲ್ಲಿ ಪೂಜೆಗೆ ಕೂತಿತ್ತು. ಗಂಡಸರೆಲ್ಲ ಮುಖ ಮುಖ ನೋಡಿಕೊಂಡರು. ಅವ್ವ ಒಳಗೆ ಹೋಗಿ, ಕುಂಕುಮ ಮೆತ್ತಿದ ಸ್ಪ್ಯಾನರನ್ನು ತಂದು ಚಿಕ್ಕಪ್ಪನ ಮುಂದೆ ಎಸೆದಳು. "ದೇವ್ರ್ ಸಿಟ್ಟು ನನ್ ಮ್ಯಾಲೆ ಬರ್ಲಿ. ನೀವು ಸೋಪು ಮೆತ್ತಿ ನನ್ ಮಕ್ಳುನ್ ಸುಡಾಕೆ ಓಗಿದ್ರಲ್ಲಾ, ಮೊದ್ಲು ಬಿಚ್ಚಿ ಅದ್ನ!" ಅವ್ವ ಅಪ್ಪನ ಎದುರಿಗೆ ದನಿ ಏರಿಸಿದ್ದನ್ನು ನಾನು ಕಂಡದ್ದು ಅದೇ ಮೊದಲು. ನನ್ನ ಕೆನ್ನೆಯ ಉರಿ ಅರ್ಧ ಇಳಿಯಿತು.

ಆ ವರ್ಷ ನಮ್ಮ ಮನೆಯಲ್ಲಿ ಹೋಳಿಗೆ ಆಗಲಿಲ್ಲ. ಹಬ್ಬ ಕಳೆದು ಬಂದ ಮೆಕ್ಯಾನಿಕ್ ಅಪ್ಪನನ್ನು ಒಂದು ಸುತ್ತು ಬೈದು, ಟ್ಯಾಂಕು ಬಿಚ್ಚಿಕೊಂಡು ಹೋದ. ಬೆಸುಗೆ ಹಾಕೋಣವೆಂದರೆ ತಳದಲ್ಲಿ ಗಟ್ಟಿ ತಗಡೇ ಉಳಿದಿರಲಿಲ್ಲ. ಹುಣಸೂರಿನಲ್ಲಿ ಹೊಸ ತಗಡಿನ ಟ್ಯಾಂಕು ಮಾಡಿಸಿ ತಂದು ಕೂರಿಸಿದ. ಅಷ್ಟು ದಿನ ಕಾರು ಕಲ್ಲಿನ ಮೇಲೆ ಕೂತಿತ್ತು, ಅಪ್ಪ ಅದರ ಕಡೆ ತಿರುಗಿ ನೋಡಲಿಲ್ಲ. ನನ್ನ ಕಡೆಯೂ ನೋಡಲಿಲ್ಲ.

ಟ್ಯಾಂಕು ಕೂರಿಸಿದ ದಿನ ಪೆಟ್ರೋಲು ತುಂಬಿಸಿ, ಅಪ್ಪ ಸ್ಟೇರಿಂಗ್ ಹಿಡಿದು ಕೂತ. ನನ್ನನ್ನು ಹಿಂದಿನ ಸೀಟಿಗೆ ಕರೆದ. ಕೀಲಿ ತಿರುಗಿಸಲಿಲ್ಲ. ರಸ್ತೆ ನೋಡುತ್ತಲೇ, "ವಾಸ್ನೆ ಅದಾ?" ಅಂದ. ನನಗೆ ಸಿಟ್ಟು ಇನ್ನೂ ಇತ್ತು. ಅಪ್ಪ ಕಾದ. ಮೆಕ್ಯಾನಿಕ್ ಕಾದ, ಚಿಕ್ಕಪ್ಪ ಕಾದ. ನನಗೆ ಸಾಕನ್ನಿಸುವವರೆಗೂ ಕಾಯಿಸಿ, ಮೂಸಿ ನೋಡಿ, "ಇಲ್ಲ" ಅಂದೆ. ಆಮೇಲೆಯೇ ಕಾರು ಹೊರಟದ್ದು. ಹೊಡೆದದ್ದು ತಪ್ಪಾಯಿತು ಅಂತ ಅಪ್ಪ ಅವತ್ತೂ ಹೇಳಲಿಲ್ಲ, ಸಾಯುವವರೆಗೂ ಹೇಳಲಿಲ್ಲ. ಅದನ್ನು ನಾನು ಇನ್ನೂ ಬಿಟ್ಟಿಲ್ಲ.

ಈಗ ನಿಮ್ಮ ಕಾರು ನೋಡಿ. ಬಾಗಿಲು ಸರಿಯಾಗಿ ಹಾಕದಿದ್ದರೆ ಕೀಂ ಅನ್ನುತ್ತದೆ, ಬೆಲ್ಟು ಹಾಕದಿದ್ದರೆ ಕೀಂ ಅನ್ನುತ್ತದೆ. ಒಂದು ಕೆಂಪು ದೀಪ ಮಿನುಗಿದರೆ ಸಾಕು, ನಿಮ್ಮಪ್ಪ ರಸ್ತೆ ಪಕ್ಕಕ್ಕೆ ನಿಲ್ಲಿಸಿ ಫೋನು ತೆಗೆಯುತ್ತಾನೆ. ಆ ಪುಟ್ಟ ದೀಪಕ್ಕೆ ಸಿಗುವ ಮರ್ಯಾದೆ ಅವತ್ತು ನನಗೆ ಸಿಕ್ಕಿದ್ದರೆ ಕೆನ್ನೆಯೂ ಉಳಿಯುತ್ತಿತ್ತು, ಹೋಳಿಗೆಯೂ ಉಳಿಯುತ್ತಿತ್ತು.

ಹೋದ ತಿಂಗಳು ಹುಣಸೂರಿನಿಂದ ಬರುವಾಗ ನಡೆದದ್ದು ನಿಮಗೆ ನೆನಪಿದೆ. ಹಿಂದಿನ ಸೀಟಿನಲ್ಲಿ ಈ ಪುಟ್ಟ ಏನೋ ಸುಟ್ಟ ವಾಸನೆ ಅಂದ. ಯಾವ ದೀಪವೂ ಹತ್ತಿಲ್ಲ, ಸುಮ್ಮನೆ ಕೂತುಕೋ ಅಂದ ನಿಮ್ಮಪ್ಪ. ನಾನು ಕೂಗಿದ ಕೂಗಿಗೆ ಅವನು ಬ್ರೇಕ್ ಒತ್ತಿದ್ದು, ಇಳಿದು ಬಗ್ಗಿ ನೋಡಿದ್ದು, ಬಿಸಿ ಸೈಲೆನ್ಸರಿಗೆ ಅಂಟಿ ಸುಡುತ್ತಿದ್ದ ಪ್ಲಾಸ್ಟಿಕ್ ಕವರನ್ನು ಕಡ್ಡಿಯಲ್ಲಿ ಕೆರೆದು ತೆಗೆದದ್ದು. "ಬರೀ ಕವರ್ರು ಕಣವ್ವ, ಇದಕ್ಕೆ ಅಷ್ಟು ಕಿರುಚ್ತೀಯಲ್ಲ" ಅಂತ ಅವನು ನಕ್ಕ. ನೀವೂ ನಕ್ಕಿರಿ. ಪುಟ್ಟ ಮಾತ್ರ ತಲೆ ತಗ್ಗಿಸಿಕೊಂಡು ಕೂತಿದ್ದ.

ಬಾರೋ ಪುಟ್ಟ, ಇಲ್ಲಿ ಬಾ. ಅವರೆಲ್ಲ ನಕ್ಕರೆ ನಗಲಿ ಬಿಡು. ಸುಟ್ಟ ವಾಸನೆ ಅಂದೆ, ಸುಡುತ್ತಲೇ ಇತ್ತು. ನಿನ್ನ ಮೂಗು ಸರಿಯಾಗಿದೆ ಕಣೋ.