ನೆಲದ ಮೇಲೆ ಮಲಗಿದ ಭೂಪಟ

ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಭೂಗೋಳ ಕಲಿಸಿದವರ ಹೆಸರುಗಳನ್ನು ಯಾರಾದರೂ ಒಂದು ಕಡೆ ಬರೆದಿಡುವುದಾದರೆ, ಶ್ರೀಮತಿ ಭ್ರಮರಾಂಬ ಅವರ ಹೆಸರಿಲ್ಲದೆ ಆ ಪಟ್ಟಿ ಪೂರ್ತಿಯಾಗದು. ಕಲ್ಯಾಣದುರ್ಗದ ಕಡೆ ಮೂವತ್ತು ವರ್ಷ, ಹಿಂದೂಪುರದ ಕಡೆ ಮೂರೂವರೆ ವರ್ಷ ಸಮಾಜ ಪಾಠ ಹೇಳಿ, ಈ ಡಿಸೆಂಬರ್ ಕೊನೆಗೆ ನಿವೃತ್ತರಾಗುತ್ತಿರುವ ಅವರು ಪ್ರಶಸ್ತಿ ಪಡೆದವರಲ್ಲ, ಪುಸ್ತಕ ಬರೆದವರಲ್ಲ, ವೇದಿಕೆ ಕಂಡರೆ ಹಿಂದಿನ ಸಾಲಿಗೆ ಸರಿದುಕೊಳ್ಳುವವರು. ಅವರು ಬರೆದ ಸಾವಿರಾರು ಭೂಪಟಗಳಲ್ಲಿ ಒಂದೂ ಉಳಿದಿಲ್ಲ, ಏಕೆಂದರೆ ಅವೆಲ್ಲ ರಂಗೋಲಿ ಪುಡಿಯಲ್ಲಿ ನೆಲದ ಮೇಲೆ ಬರೆದವು.

ಈ ಅಭಿನಂದನ ಸಂಪುಟಕ್ಕೆ ಒಪ್ಪಿಗೆ ಕೇಳಲು ಸಮಿತಿಯವರು ಮನೆಗೆ ಹೋದಾಗ ಅವರು ಕಾಫಿ ಕೊಟ್ಟು, ಒಂದೇ ಒಂದು ಷರತ್ತು ಹಾಕಿದರು. “ಹೊಂಗೆಹಟ್ಟಿ ವಿಷಯದಲ್ಲಿ ನಾನು ಮಾಡಿದ ತಪ್ಪನ್ನ ಬಿಡದೆ ಬರೀಬೇಕು. ಅದನ್ನ ಮುಚ್ಚಿಟ್ಟು ಹೊಗಳೋದಾದ್ರೆ ಹಾರಾನೂ ಬೇಡ, ಪುಸ್ತಕಾನೂ ಬೇಡ ಕಣಪ್ಪ.” ಅಭಿನಂದನ ಗ್ರಂಥದಲ್ಲಿ ತಪ್ಪಿನ ಕಥೆ ಎಲ್ಲಾದರೂ ಉಂಟೇ ಎಂದು ಸಮಿತಿಯ ಹಿರಿಯರು ಹಿಂದೆ ಮುಂದೆ ನೋಡಿದರು. ಟೀಚರ್ ಹಟ ಎಂಥದ್ದೆಂದು ಗೊತ್ತಿದ್ದವರು ಮೊದಲೇ ಒಪ್ಪಿಕೊಂಡಿದ್ದರು. ಆದ್ದರಿಂದ ಈ ಲೇಖನ ಆ ಷರತ್ತಿಗೆ ಬದ್ಧವಾಗಿದೆ.

1976ರಲ್ಲಿ ಕಲ್ಯಾಣದುರ್ಗದ ಸಮೀಪದ ಶಾಲೆಗೆ ಅವರು ಕೆಲಸಕ್ಕೆ ಸೇರಿದಾಗ, ಅಲ್ಲಿ ಗೋಡೆಗೆ ತೂಗುಹಾಕಿದ ಒಂದು ಹಳೆಯ ನಕಾಶೆ ಬಿಟ್ಟರೆ ಬೇರೆ ಪಾಠೋಪಕರಣವಿರಲಿಲ್ಲ. ಮೊದಲ ವಾರವೇ ಅವರು ತರಗತಿಯಲ್ಲಿ ಉತ್ತರ ದಿಕ್ಕು ಯಾವುದೆಂದು ಕೇಳಿದರು. ನಲವತ್ತು ಮಕ್ಕಳೂ ಒಟ್ಟಿಗೆ ಚಾವಣಿಯ ಕಡೆ ಕೈ ತೋರಿಸಿದವು! ನಕಾಶೆಯಲ್ಲಿ ಉತ್ತರ ಮೇಲಿದೆ, ಮೇಲಿರುವುದು ಚಾವಣಿ, ಮಕ್ಕಳ ಲೆಕ್ಕದಲ್ಲಿ ಏನೂ ತಪ್ಪಿರಲಿಲ್ಲ. ಅವರು ನಕ್ಕರಂತೆ, ಆಮೇಲೆ ಆ ನಗುವಿಗೆ ತಾವೇ ನಾಚಿಕೊಂಡರಂತೆ. ಮಾರನೆಯ ದಿನ ಬೇಗ ಬಂದು ಶಾಲೆಯ ಹಜಾರದಲ್ಲಿ ಅನಂತಪುರ ಜಿಲ್ಲೆಯನ್ನು ರಂಗೋಲಿಯಲ್ಲಿ ಬರೆದರು. ನಕಾಶೆಯ ಉತ್ತರ ನಿಜವಾದ ಉತ್ತರಕ್ಕೇ ಇತ್ತು. ಕಲ್ಯಾಣದುರ್ಗದ ಮೇಲೆ ನಿಂತ ಹುಡುಗಿ ಹಿಂದೂಪುರಕ್ಕೆ ಹೊರಟರೆ ಮೂಗು ಹಿಂದೂಪುರದ ಕಡೆಗೇ ಇರಬೇಕು, ಇದು ಅವರ ನಿಯಮ.

ಆ ಮೂವತ್ತು ವರ್ಷಗಳಲ್ಲಿ ಅವರು ಮಾಡಿದ ಉಪಕಾರಗಳನ್ನು ಹೇಳಲು ಹೊರಟರೆ ಬೇರೆಯವರ ಲೇಖನಗಳಿಗೆ ಜಾಗ ಉಳಿಯದು. ಮಾತು ತೊದಲುತ್ತಿದ್ದ ಅಶೋಕ್ ಎಂಬ ವಿದ್ಯಾರ್ಥಿಗೆ ಒಂದು ಇಡೀ ವರ್ಷ ಪ್ರಶ್ನೆ ಕೇಳದೆ, ಬೆಟ್ಟಗಳಿಗೆ ಪುಡಿ ತುಂಬುವ ಕೆಲಸವನ್ನು ಅವನೊಬ್ಬನಿಗೇ ಕೊಟ್ಟಿದ್ದನ್ನು ಮಾತ್ರ ಇಲ್ಲಿ ನೆನೆಯಬಹುದು. ಇಂದು ಬಸ್ ಕಂಡಕ್ಟರ್ ಆಗಿರುವ ಆತ, ಹತ್ತಾರು ಊರುಗಳ ಹೆಸರನ್ನು ಒಂದೇ ಉಸಿರಿಗೆ ಕೂಗುತ್ತಾನೆ.

2006ರ ಜೂನ್‌ನಲ್ಲಿ ಅವರಿಗೆ ಹಿಂದೂಪುರದಿಂದ ಲೇಪಾಕ್ಷಿಗೆ ಹೋಗುವ ದಾರಿಯಲ್ಲಿರುವ ನಮ್ಮ ಪ್ರೌಢಶಾಲೆಗೆ ವರ್ಗವಾಯಿತು. ಅದೇ ವರ್ಷ ಶಾಲೆಗೆ ಎರಡು ಕಂಪ್ಯೂಟರುಗಳೂ, ಅವುಗಳ ಜೊತೆಗೆ ಈಶ್ವರ್ ಎಂಬ ಎಳೆಯ ಶಿಕ್ಷಕರೂ ಬಂದರು. ಇಡೀ ಭೂಮಿಯನ್ನು ಆಕಾಶದಿಂದ ತೆಗೆದ ಚಿತ್ರಗಳಲ್ಲಿ ತೋರಿಸುವ, ಮಕ್ಕಳು ಮೊಟಕಾಗಿ ‘ಅರ್ಥ್’ ಎಂದು ಕರೆಯುತ್ತಿದ್ದ ಸಾಫ್ಟ್‌ವೇರನ್ನು ಅವರಿಗೆ ತೋರಿಸಿದವರು ಈಶ್ವರ್. ನೆಟ್ ನಿಧಾನವಾಗಿದ್ದುದರಿಂದ ಚಿತ್ರ ತುಂಡುತುಂಡಾಗಿ ಮೂಡುತ್ತಿತ್ತು. ಟೀಚರ್ ಮೊದಲು ಹುಡುಕಿದ್ದು ಕಲ್ಯಾಣದುರ್ಗದ ತಮ್ಮ ಹಳೆಯ ಶಾಲೆಯನ್ನು. ಆ ಹಜಾರದ ಚಾವಣಿ ಕಡಲೆಕಾಳಿನಷ್ಟಾಗಿ ಕಂಡಾಗ ಅವರ ಕಣ್ಣು ತುಂಬಿತು. ಕಣ್ಣೊರೆಸಿಕೊಂಡವರೇ ಅವರು ಹೇಳಿದ ಮಾತು ಶಾಲೆಯಲ್ಲಿ ಇಂದಿಗೂ ಪ್ರಸಿದ್ಧ: “ಇದನ್ನ ನೆಲದ ಮೇಲೆ ಮಲಗಿಸಪ್ಪ.”

ಈಶ್ವರ್ ಗಾಬರಿಯಾದರು. ಗಾಳಿಯಾಡದೆ ಮಾನಿಟರ್ ಸುಟ್ಟುಹೋಗುತ್ತದೆ, ಕೇಳಿದವರಿಗೆ ಏನೆಂದು ಉತ್ತರ ಹೇಳುವುದು ಎಂದೆಲ್ಲ ವಾದಿಸಿದರು. ಕೊನೆಗೆ ಕೊಡದ ಕೆಳಗೆ ಸಿಂಬೆ ಇಟ್ಟಂತೆ ಹಳೆಯ ಸ್ಕೂಟರ್ ಟೈರೊಂದನ್ನಿಟ್ಟು, ಅದರ ಮೇಲೆ ಮಾನಿಟರನ್ನು ಮುಖ ಮೇಲೆ ಮಾಡಿ ಕೂರಿಸಲಾಯಿತು. ಪರದೆಯ ಮೇಲ್ಭಾಗ ಸರಿಯಾಗಿ ಉತ್ತರಕ್ಕೆ! ಮಕ್ಕಳು ಸುತ್ತ ಕುಕ್ಕರುಗಾಲಲ್ಲಿ ಕೂತು ಗೋರಂಟ್ಲವನ್ನೂ ಚಿಲಮತ್ತೂರನ್ನೂ ಅವು ಇದ್ದ ದಿಕ್ಕಿನಲ್ಲೇ ನೋಡಿದರು.

ಇದಕ್ಕೆ ವಿರೋಧ ಬಂದದ್ದು ಶಾಲೆಯ ಕಸ ಗುಡಿಸುವ ಚೌಡಕ್ಕನಿಂದ. “ಉತ್ತರಕ್ಕೆ ತಲೆ ಮಾಡ್ಕೊಂಡು ಮನುಷ್ರೇ ಮನಿಕ್ಕಳಾಕಿಲ್ಲ, ಸರ್ಕಾರಿ ಸಾಮಾನ ಹಂಗೆ ಮನಗಿಸ್ತೀರಲ್ಲ ಟೀಚರಮ್ಮಾ, ಏನಾರ ಆದ್ರೆ?” ಟೀಚರ್ ನಕ್ಕು ಸುಮ್ಮನಾದರು. ಚೌಡಕ್ಕ ಸುಮ್ಮನಾಗಲಿಲ್ಲ. ದಿನಾ ಬೆಳಿಗ್ಗೆ ಕಸ ಗುಡಿಸುವಾಗ ಮಾನಿಟರಿನ ತಲೆಯನ್ನು ದಕ್ಷಿಣಕ್ಕೆ ತಿರುಗಿಸಿಡುವಳು, ಟೀಚರ್ ಬಂದು ಮತ್ತೆ ಉತ್ತರಕ್ಕೆ ತಿರುಗಿಸುವರು. ಇಬ್ಬರೂ ಈ ಬಗ್ಗೆ ಮಾತಾಡಲಿಲ್ಲ, ಇಬ್ಬರೂ ಬಿಡಲೂ ಇಲ್ಲ.

ತಪ್ಪು ನಡೆದದ್ದು ಮಾರನೆಯ ವರ್ಷ, 2007ರ ಜುಲೈಯಲ್ಲಿ. ಒಂದು ಕಿಲೋಮೀಟರಿನೊಳಗೆ ಪ್ರಾಥಮಿಕ ಶಾಲೆ ಇಲ್ಲದ ಹಟ್ಟಿಗಳಿಗೆ ಹೊಸ ಶಾಲೆ ಕೊಡಲು, ದೂರ ಅಳೆದು ಬರೆದುಕೊಡಿ ಎಂದು ಶಾಲೆಗಳಿಗೆ ಕಾಗದ ಬಂತು. ನಮ್ಮ ಶಾಲೆಯ ಪಕ್ಕದಲ್ಲೇ ಪ್ರಾಥಮಿಕ ಶಾಲೆ ಇರುವುದರಿಂದ, ಇಲ್ಲಿಂದ ಹೊಂಗೆಹಟ್ಟಿಗೆ ಎಷ್ಟು ದೂರ ಎಂದು ಅಳೆಯುವ ಕೆಲಸ ಟೀಚರ್ ಪಾಲಿಗೆ ಬಂತು. ಬೇರೆಯವರಾಗಿದ್ದರೆ ಹಟ್ಟಿಯವರನ್ನು ಕೇಳಿ ಬರೆಯುತ್ತಿದ್ದರು. ಟೀಚರಿಗೆ ಆಗ ಹೊಸ ವಿದ್ಯೆಯ ಹುಮ್ಮಸ್ಸು. ಪರದೆಯ ಮೇಲೆ ಶಾಲೆಯಿಂದ ಹಟ್ಟಿಗೆ ನೇರ ಗೆರೆ ಎಳೆದರು, 940 ಮೀಟರ್ ಎಂದು ತೋರಿಸಿತು. ನಡುವೆ ಕಂದು ಬಣ್ಣದ ಬಯಲಿತ್ತು. ಅದರ ಚಿತ್ರ ತೆಗೆಸಿ, ವರದಿಗೆ ಅಂಟಿಸಿ, ದಪ್ಪ ಅಕ್ಷರದಲ್ಲಿ ರುಜು ಹಾಕಿ ಕಳಿಸಿದರು. ಅಷ್ಟು ಅಚ್ಚುಕಟ್ಟಾದ ಅಳತೆ ಬೇರೆ ಯಾವ ಶಾಲೆಯಿಂದಲೂ ಬಂದಿಲ್ಲವೆಂದು ಮಂಡಲ ವಿದ್ಯಾಧಿಕಾರಿ ಕೇಶವಯ್ಯನವರು ಮೆಚ್ಚಿ ಮಾತಾಡಿದ್ದೂ ಉಂಟು.

ಆ ನವೆಂಬರಿನ ಒಂದು ಬೆಳಿಗ್ಗೆ ಹೊಂಗೆಹಟ್ಟಿಯ ಓಬಮ್ಮ ಶಾಲೆಗೆ ಬಂದಳು. ಕೂಲಿ ಮಾಡುವ ಹೆಂಗಸು, ಸೊಂಟದಲ್ಲಿ ಐದು ವರ್ಷದ ಮಗಳು ಮಲ್ಲೇಶ್ವರಿ, ಮೊಣಕಾಲವರೆಗೆ ಕೆಸರು. “ನಮ್ಮಟ್ಟಿ ಒಂದು ಕಿಲೋಮೀಟ್ರು ಒಳಗೇ ಐತೆ ಅಂತ ಬರ್ದಿರೋರು ಯಾರು? ಅದ್ಕೇ ಇಸ್ಕೂಲು ಇಲ್ಲ ಅಂದ್ಬುಟ್ರು ಆಫೀಸ್ನಾಗೆ.” ತಾನೇ ಎಂದು ಟೀಚರ್ ಹೇಳಿದರು, ಸಿಟ್ಟಾಗಲಿಲ್ಲ, ಅಳತೆಯನ್ನು ತೋರಿಸುತ್ತೇನೆ ಬಾ ಎಂದು ಕಂಪ್ಯೂಟರ್ ಕೋಣೆಗೆ ಕರೆದುಕೊಂಡು ಹೋದರು. ಓದು ಬರಹ ಬಾರದ ಓಬಮ್ಮ ಪರದೆಯ ಪಕ್ಕ ಕುಕ್ಕರಿಸಿ ಸ್ವಲ್ಪ ಹೊತ್ತು ನೋಡಿ, “ಇದು ಉಲ್ಟಾ ಐತೆ ಕಣಮ್ಮ” ಅಂದಳು. ನಿಜ, ಚೌಡಕ್ಕ ಆಗಷ್ಟೇ ಕಸ ಗುಡಿಸಿ ಹೋಗಿದ್ದಳು. ಟೀಚರ್ ಮಾನಿಟರನ್ನು ಉತ್ತರಕ್ಕೆ ತಿರುಗಿಸಿದರು.

ತಿರುಗಿಸಿದ್ದೇ ತಡ, ಓಬಮ್ಮನ ಬೆರಳು ತನ್ನ ಊರಲ್ಲಿ ಓಡಾಡತೊಡಗಿತು. “ಇಗೋ ನಮ್ಮ ಹೊಂಗೆ ಮರಗೋಳು. ಇದು ಭಜನೆ ಮನೆ. ಇದು ಕಟ್ಟೆ.” ಬೆರಳು ಟೀಚರ್ ಎಳೆದ ಗೆರೆಯ ಮೇಲೆ ಬಂದು ನಿಂತಿತು. “ನೀವು ಗೀಟು ಎಳ್ದಿರೋದು ಕೆರೆವೊಳಗೆ ಟೀಚರಮ್ಮಾ. ಬ್ಯಾಸ್ಗೇಲಿ ತೆಗ್ದಿರೋ ಫೋಟೋ ಇದು. ಈಗ ನೀರು ನಿಂತೈತೆ. ಈ ಕೂಸು ಕೆರೆ ಸುತ್ತಾಕ್ಕೊಂಡು ಬರ್ಬೇಕು, ಬತ್ತಾ ಬತ್ತಾ ಅರ್ಧ ಹೊತ್ತಾಯ್ತದೆ. ಅದ್ಕೇ ಇವಳ್ನ ಹಾಕ್ಲೇ ಇಲ್ಲ.”

ಕೆರೆಯೆಂದರೆ ನೀರಿಲ್ಲದ ಮಣ್ಣಿನ ಬಯಲೆಂದೇ ಕಲ್ಯಾಣದುರ್ಗದ ಕಡೆ ಮೂವತ್ತು ವರ್ಷ ನೋಡಿದ ಕಣ್ಣು ಅವರದ್ದು. ಬಯಲನ್ನು ಕಂಡು ಬಯಲೆಂದೇ ನಂಬಿದ್ದರು. ಹೋಗಿ ನೋಡಿರಲಿಲ್ಲ. ಉತ್ತರವೆಂದರೆ ಚಾವಣಿ ಎಂದ ಮಕ್ಕಳನ್ನು ನೆಲಕ್ಕಿಳಿಸಿದ ನಾನೇ, ಆಕಾಶದಿಂದ ನೋಡಿ ನೆಲವನ್ನು ಮರೆತೆನಲ್ಲ ಎಂದು ಅವರಿಗೆ ತುಂಬಾ ನಾಚಿಕೆಯಾಯಿತು. ಅಂದು ಅವರು ಊಟ ಮಾಡಲಿಲ್ಲ. ಸಂಜೆ ಓಬಮ್ಮನ ಹಿಂದೆ ಕೆರೆಯ ಕಟ್ಟೆಯ ಮೇಲೆ ಹಟ್ಟಿಯವರೆಗೆ ನಡೆದುಹೋದರು, ಮುಕ್ಕಾಲು ಗಂಟೆ ಹಿಡಿಯಿತು.

ಮರುದಿನವೇ ಕೇಶವಯ್ಯನವರ ಕಚೇರಿಗೆ ಹೋಗಿ ಬೇಡಿಕೊಂಡರು. ಅವರು ಒಳ್ಳೆಯವರೇ. “ನಾನು ನಂಬ್ತೀನಮ್ಮಾ. ಆದ್ರೆ ಚಿತ್ರ ಅಂಟ್ಸಿ ಕಳಿಸಿರೋರು ನೀವೇ, ಅದು ಮೇಲಕ್ಕೆ ಹೋಗಾಯ್ತು. ಆ ಚಿತ್ರ ಸುಳ್ಳು ಅನ್ನೋಕೆ ಅಂಥದ್ದೇ ಇನ್ನೊಂದು ಚಿತ್ರ ತನ್ನಿ, ನಾನೇ ಮುಂದೆ ನಿಂತು ಕಳಿಸ್ತೀನಿ” ಅಂದರು. ಅಂಥ ಚಿತ್ರ ಎಲ್ಲಿಂದ ತರುವುದು? ಅರ್ಥ್‌ನಲ್ಲಿ ಆ ಊರಿಗೆ ಇದ್ದದ್ದು ಒಂದೇ ಚಿತ್ರ, ಅದೂ ಬೇಸಿಗೆಯದು.

ಅಲ್ಲಿಂದ ಮುಂದೆ, ಕೆರೆಯಲ್ಲಿ ನೀರಿದ್ದ ತಿಂಗಳುಗಳಲ್ಲೆಲ್ಲ ಟೀಚರ್ ಒಂದು ಬಸ್ಸು ಮುಂಚೆ ಹಿಂದೂಪುರ ಬಿಟ್ಟು, ಹಟ್ಟಿಗೆ ಹೋಗಿ, ಆರು ಪುಟ್ಟ ಮಕ್ಕಳನ್ನು ಕಟ್ಟೆಯ ಮೇಲೆ ನಡೆಸಿಕೊಂಡು ಪ್ರಾಥಮಿಕ ಶಾಲೆಗೆ ಕರೆತರುತ್ತಿದ್ದರು. ಮೊದಲ ದಿನ ಅವರ ಕೈ ಹಿಡಿದು ಬಂದವಳು ಮಲ್ಲೇಶ್ವರಿ. ಮಂಡಿನೋವಿದ್ದ ಐವತ್ತಾರರ ಹೆಂಗಸು ಮಾಡಿದ ಈ ಕೆಲಸವನ್ನು ಯಾರಾದರೂ ಹೊಗಳಿದರೆ, “ಸಾಲ ತೀರಿಸ್ತಿದೀನಿ, ಸುಮ್ನಿರಿ” ಎಂದು ಬಾಯಿ ಮುಚ್ಚಿಸುತ್ತಿದ್ದರು. ಈ ನಡುವೆ ನಮ್ಮ ಕಂಪ್ಯೂಟರಿಗೆ ಹಾಕಿದ ಅರ್ಥ್‌ನ ಹೊಸ ಆವೃತ್ತಿಗಳಲ್ಲಿ ನಕ್ಷತ್ರಗಳು ಬಂದವು, ಆಮೇಲೆ ಹೊತ್ತು ಹುಟ್ಟುವುದು ಮುಳುಗುವುದನ್ನು ತೋರಿಸುವ ಬೆಳಕು ಬಂತು. ಈಶ್ವರ್ ಪ್ರತಿ ಸಲವೂ ಹಿಗ್ಗಿನಿಂದ ಬಂದು ಕರೆದರೂ, ಟೀಚರ್ ಮಕ್ಕಳಿಗೆ ತೋರಿಸುವಷ್ಟು ತೋರಿಸಿ ಎದ್ದುಬಿಡುತ್ತಿದ್ದರು. ಮೊದಲಿನ ಹುಮ್ಮಸ್ಸು ಇರಲಿಲ್ಲ.

2009ರ ಫೆಬ್ರವರಿಯಲ್ಲಿ ಮತ್ತೆ ಹೊಸ ಆವೃತ್ತಿ ಬಂತು. ಸಮುದ್ರದ ತಳವನ್ನೇ ನೋಡಬಹುದೆಂದು, ಸಮುದ್ರವನ್ನೇ ಕಾಣದ ನಮ್ಮ ಮಕ್ಕಳು ಕುಣಿದಾಡಿದರು. ಈಶ್ವರ್ ಮಾತ್ರ ನೇರವಾಗಿ ಟೀಚರ ಬಳಿಗೆ ಬಂದರು. “ಮೇಡಂ, ಮೇಲ್ಗಡೆ ಒಂದು ಗಡಿಯಾರದ ಗುರುತು ಕೊಟ್ಟವ್ರೆ. ಒತ್ತಿ ಹಿಂದಕ್ಕೆ ಎಳೆದ್ರೆ ಹಳೇ ಚಿತ್ರಗಳೂ ಬತ್ತವಂತೆ.” ಟೀಚರ್ ಎದ್ದು ಹೋಗಿ ಮಾನಿಟರಿನ ಪಕ್ಕ ನೆಲದ ಮೇಲೆ ಕೂತರು. ಈಶ್ವರ್ ಹೊಂಗೆಹಟ್ಟಿಯನ್ನು ತಂದು, ಕಾಲವನ್ನು ಹಿಂದಕ್ಕೆ ಎಳೆದರು. ಕಂದು ಬಯಲು ಹೋಯಿತು. ಚೌಕ ಚೌಕವಾಗಿ ಹೊಸ ಚಿತ್ರ ಮೂಡತೊಡಗಿತು, 2005ರ ನವೆಂಬರಿನದು. ಕಟ್ಟೆಯಿಂದ ಹೊಂಗೆ ಮರಗಳವರೆಗೆ ನೀರು! ಟೀಚರ್ ಆ ನೀರಿನ ಮೇಲೆ ಅಂಗೈ ಇಟ್ಟು ಕೂತುಬಿಟ್ಟರು.

ಕಟ್ಟೆಯ ಗುಂಟ ಹೆಜ್ಜೆ ಹೆಜ್ಜೆಗೂ ಗುರುತಿಟ್ಟು ದಾರಿ ಅಳೆದಾಗ ಎರಡು ಸಾವಿರದ ಆರುನೂರ ಹತ್ತು ಮೀಟರ್ ಬಂತು. ಟೀಚರ್ ಎರಡೂ ಚಿತ್ರಗಳನ್ನು ಅಕ್ಕಪಕ್ಕ ಅಂಟಿಸಿ, “ನಾನು ಸ್ಥಳಕ್ಕೆ ಹೋಗದೆ ಅಳೆದದ್ದರಿಂದ ನನ್ನ ಹಿಂದಿನ ಅಳತೆ ತಪ್ಪು” ಎಂದು ಸ್ಪಷ್ಟವಾಗಿ ಬರೆದರು. ಅದನ್ನು ಓದಿದ ಈಶ್ವರ್ ಕೈ ಹಿಡಿದರು. “ಹಂಗೆ ಬರೀಬೇಡಿ ಮೇಡಂ, ಮೆಮೊ ಬತ್ತದೆ. ರಿಟೈರ್ ಆಗೋ ವರ್ಷ, ಪೆನ್ಷನ್ ಕಾಗದ ಎಲ್ಲ ನಿಂತೋಯ್ತವೆ. ಮಿಷನ್ನು ತಪ್ಪು ತೋರ್ಸ್ತು ಅಂತ ಹಾಕಿ ಸಾಕು.”

“ಮಿಷನ್ನು ಸರಿಯಾಗೇ ತೋರಿಸ್ತು ಕಣಪ್ಪ” ಎಂದು ಟೀಚರ್ ರುಜು ಹಾಕಿದರು.

ಮೆಮೊ ಬಂದೇ ಬಂತು. ಹದಿನೈದು ದಿನದೊಳಗೆ ಸಮಜಾಯಿಷಿ ಕೊಡಿ ಎಂದಿತ್ತು. ತಪ್ಪು ನನ್ನದು, ಮಕ್ಕಳದಲ್ಲ ಎಂದು ಒಂದೇ ಸಾಲಿನ ಉತ್ತರ ಕೊಟ್ಟು ಅವರು ಎಂದಿನಂತೆ ಪಾಠಕ್ಕೆ ಹೋದರು. ಎರಡು ತಿಂಗಳು ಅವರ ಪೆನ್ಷನ್ ಕಾಗದಗಳು ಅಲ್ಲಾಡಲಿಲ್ಲ, ಕಳವಳಪಟ್ಟವರು ನಾವು. ಕೊಟ್ಟ ಮಾತಿನಂತೆ ಕೇಶವಯ್ಯನವರು ಮುಂದೆ ನಿಂತು ಬರೆದದ್ದರಿಂದ ಮೆಮೊ ಮುಚ್ಚಿಹೋಯಿತು. ಆಗಸ್ಟಿನಲ್ಲಿ ಹೊಂಗೆಹಟ್ಟಿಗೆ ಒಬ್ಬ ಶಿಕ್ಷಕಿಯ ಶಾಲೆ ಮಂಜೂರಾಗಿ, ಕಟ್ಟಡ ಆಗುವವರೆಗೆ ಭಜನೆ ಮನೆಯಲ್ಲಿ ಶುರುವಾಯಿತು.

ಅಂದು ಹಟ್ಟಿಯವರು ಟೀಚರ್ ಕೈಯಲ್ಲೇ ಪಾಠ ಆರಂಭ ಮಾಡಿಸಿದರು. ಅವರು ನೆಲದ ಮೇಲೆ ಹಟ್ಟಿಯನ್ನೂ, ಕಟ್ಟೆಯ ದಾರಿಯನ್ನೂ, ಕೆರೆಯ ಅಂಚನ್ನೂ ರಂಗೋಲಿಯಲ್ಲಿ ಬರೆದರು, ಉತ್ತರ ಉತ್ತರಕ್ಕೇ. ಕೆರೆಗೆ ತುಂಬಲು ನೀಲಿ ಪುಡಿ ಹಿಡಿದ ಕೈ ಸ್ವಲ್ಪ ತಡೆಯಿತು. ಹಾಜರಿಯ ಮೊದಲ ಹೆಸರಿನವಳಾದ ಮಲ್ಲೇಶ್ವರಿಯನ್ನು ಕರೆದು, “ಹೋಗಿ ನೋಡ್ಕೊಂಡು ಬಾಮ್ಮ, ನೀರೈತಾ?” ಎಂದರು. ಮಗು ಓಡಿಹೋಗಿ, ಪಾದ ಒದ್ದೆ ಮಾಡಿಕೊಂಡು ಓಡಿಬಂತು. “ಐತೆ ಟೀಚರಮ್ಮಾ, ಕಟ್ಟೆ ತಾವ ಮಾತ್ರ ಐತೆ!” ಟೀಚರ್ ಕಟ್ಟೆಯ ಹತ್ತಿರ ಮಾತ್ರ ನೀಲಿ ಹಾಕಿ, ಉಳಿದ ಕೆರೆಯನ್ನು ಖಾಲಿ ಬಿಟ್ಟರು. ಬಾಗಿಲಲ್ಲಿ ನಿಂತಿದ್ದ ಓಬಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಭ್ರಮರಾಂಬ ಟೀಚರ್ ನೂರ್ಕಾಲ ಬಾಳಲಿ. ಅವರ ಮಂಡಿಗಳಿಗೆ ಕಟ್ಟೆ ಹತ್ತುವಷ್ಟು ಬಲವೂ, ಬೆರಳುಗಳಿಗೆ ಗೆರೆ ಎಳೆಯುವಷ್ಟು ಸ್ಥಿರತೆಯೂ ಇರಲಿ. ನಿವೃತ್ತಿಯ ನಂತರ ವಾರಕ್ಕೊಂದು ದಿನ ಹೊಂಗೆಹಟ್ಟಿಯ ಶಾಲೆಗೆ ಬರುವುದಾಗಿ ಅವರು ಈಗಾಗಲೇ ಮಾತು ಕೊಟ್ಟಿದ್ದಾರೆ. ನಮ್ಮ ಶಾಲೆಯ ಮಾನಿಟರ್ ಇನ್ನು ಮುಂದೆ ಚೌಡಕ್ಕನ ಇಷ್ಟದಂತೆ ದಕ್ಷಿಣಕ್ಕೇ ತಲೆ ಮಾಡಿ ಮಲಗಬಹುದೆಂದು ಯಾರೋ ತಮಾಷೆ ಮಾಡಿದರು. ಆದರೆ ಕಳೆದ ವಾರದಿಂದ ಅದು ಬೆಳಿಗ್ಗೆಯೂ ಉತ್ತರಕ್ಕೇ ಇದೆ, ಚೌಡಕ್ಕ ಅದರ ಸುತ್ತ ಗುಡಿಸಿಕೊಂಡು ಹೋಗುತ್ತಿದ್ದಾಳೆ. ಈ ಲೇಖನದ ಕೊನೆಗೆ ಹೊಂಗೆಹಟ್ಟಿ ಕೆರೆಯಲ್ಲಿ ಈಗ ಎಷ್ಟು ನೀರಿದೆಯೆಂದು ಬರೆದರೆ ಚೆನ್ನಾಗಿತ್ತು. ಆದರೆ ಈ ವಾರ ಯಾರೂ ಹೋಗಿ ನೋಡಿ ಬಂದಿಲ್ಲ, ನೋಡದೆ ಬರೆದರೆ ಟೀಚರ್ ಒಪ್ಪುವುದಿಲ್ಲ.