ಖಂಡೇನವಮಿ ಪೂಜೆಗೆ ಕೂತ ಚಿಪ್

2010ರ ದಸರಾ. ಆಗ ನಾನು ಗೋವಾದಲ್ಲಿ ಎಂ.ಎಸ್ಸಿ. ಭೌತಶಾಸ್ತ್ರದ ಕೊನೆಯ ವರ್ಷದಲ್ಲಿದ್ದೆ. ಅಪ್ಪ ವಿಜಾಪುರದ ಕಡೆಯಿಂದ ಬಂದ ಗೌಂಡಿ. ಅವ್ವ ಅವನ ಜೊತೆಗೇ ಸಿಮೆಂಟು ಹೊರುತ್ತಿದ್ದಳು. ಅಲ್ಲಿನ ಮಡ್ಕಯಿಯ ಕಾರ್ಖಾನೆಗಳ ಹಿಂದೆ ನಮ್ಮದು ಒಂದೇ ಕೋಣೆಯ ಬಾಡಿಗೆ ಮನೆ.

ನನ್ನ ಪ್ರಾಜೆಕ್ಟ್ ಏನೆಂದು ಮನೆಯಲ್ಲಿ ತಿಳಿಸಿ ಹೇಳುವುದೇ ದೊಡ್ಡ ಪರೀಕ್ಷೆಯಾಗಿತ್ತು. ಒಂದು ಎಲೆಕ್ಟ್ರಾನಿಕ್ ಚಿಪ್ಪಿನ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಕಾಂತದ ಕಂಬಗಳು. ತುಸು ಕರೆಂಟು ಹರಿಸಿದರೆ ಒಳಗಿನ ಕಾಂತತ್ವ ಬುಗುರಿಯಂತೆ ಸುತ್ತಿ ಮೈಕ್ರೋವೇವ್ ಸಿಗ್ನಲ್ ಹೊರಡುತ್ತದೆ. "ಸಣ್ಣ ರೇಡಿಯೋ ಸ್ಟೇಷನ್ ಇದ್ದಂಗ, ಅವ್ವಾ" ಎಂದಿದ್ದೆ. "ಹಾಡು ಬರ್ತಾವೇನು?" ಎಂದು ಕೇಳಿದ್ದಳು.

ಚಿಪ್ ತಯಾರಾಗಿದ್ದು ಬೇರೆ ಊರಿನ ಲ್ಯಾಬಿನಲ್ಲಿ. ಅದನ್ನು ತರಲು ನಾನೇ ಹೋಗಿದ್ದೆ. ರೈಲಿಳಿದು ಮನೆಗೆ ಬಂದಾಗ ಖಂಡೇನವಮಿಯ, ಅಂದರೆ ಆಯುಧಪೂಜೆಯ ಬೆಳಿಗ್ಗೆ. ನಮ್ಮ ಲ್ಯಾಬಿಗೆ ರಜೆ. ಚಿಪ್ ಇದ್ದ ಡಬ್ಬಿಯನ್ನು ಗೋಡೆಯ ಮಾಡದಲ್ಲಿಟ್ಟು ಮಲಗಿಬಿಟ್ಟೆ.

ಊದಿನಕಡ್ಡಿಯ ವಾಸನೆಗೆ ಎಚ್ಚರವಾಯಿತು. ದೇವರ ಫೋಟೋದ ಮುಂದೆ ಅಪ್ಪನ ಕರಣಿ, ಸಲಿಕೆ, ಅವ್ವನ ಬುಟ್ಟಿ. ನಡುವೆ ನನ್ನ ಡಬ್ಬಿ, ಮುಚ್ಚಳ ತೆಗೆದದ್ದು. ಉಗುರಿನಷ್ಟಗಲದ ಚಿಪ್ಪಿಗೆ ವಿಭೂತಿ ಹಚ್ಚಿ, ಕುಂಕುಮವಿಟ್ಟು, ಒದ್ದೆ ಚೆಂಡುಹೂವಿನ ಎಸಳು ಏರಿಸಿದ್ದಳು ಅವ್ವ!

"ಎಲ್ಲಾರ ದುಡಿಯೂ ಸಾಮಾನ ಇಟ್ಟೇನಿ. ನಿಂದೊಂದ ಯಾಕ ಬಿಡ್ಲಿ?" ಎಂದು ನಕ್ಕಳು.

"ಅವ್ವಾ, ಅದನ್ನ ಕೈಲೆ ಮುಟ್ಟಿದ್ರ ಸತ್ತಹೋಗ್ತೈತಿ."

ಮತ್ತೊಂದು ಚಿಪ್ ಬರಲು ತಿಂಗಳುಗಟ್ಟಲೆ ಕಾಯಬೇಕು. ನಾನು ಓದು ಮುಗಿಸಿ ಕೆಲಸ ಹಿಡಿದರೆ ಅವ್ವ ಬುಟ್ಟಿ ಇಳಿಸುವುದೆಂದು ಮನೆಯಲ್ಲಿ ಮಾತಾಗಿತ್ತು. "ಹಂಗಾರ ನಿನ್ನ ವರ್ಷ ಹೋತೇನು?" ಎಂದಳು. ನಾನು ಹೂವಿನ ಎಸಳು ತೆಗೆದು ಡಬ್ಬಿ ಮುಚ್ಚಿದೆ. ಹಬ್ಬದ ಹೋಳಿಗೆಯನ್ನು ಅವಳು ಮುಟ್ಟಲೂ ಇಲ್ಲ.

ಲ್ಯಾಬ್ ತೆರೆದ ದಿನ ಬೇಡವೆಂದರೂ ನನ್ನ ಬೆನ್ನು ಹತ್ತಿ ಬಂದಳು. ನಮ್ಮ ಸರ್ ಗೋವಾದವರೇ. ಧಾರವಾಡದಲ್ಲಿ ಓದಿದ್ದರಿಂದ ಕನ್ನಡ ಬರುತ್ತಿತ್ತು.

"ತಪ್ಪು ನಂದೈತ್ರಿ ಸಾಹೇಬ್ರ. ನನ್ನ ಮಗಳಿಗೆ ಬೈಬ್ಯಾಡ್ರಿ" ಎಂದು ಕೈಮುಗಿದಳು.

"ಮೊದ್ಲು ನೋಡೋಣ್ರಿ" ಎಂದರು ಸರ್. ಚಿಪ್ಪನ್ನು ತೊಳೆದು, ಸೂಕ್ಷ್ಮದರ್ಶಕದಡಿ ಇಟ್ಟು, ಒಂದೊಂದೇ ಕಂಬದ ತಂತಿಗೆ ಸೂಜಿ ತಾಗಿಸಿದರು. "ಡೆಡ್" ಎಂದರು. ಮತ್ತೆ "ಡೆಡ್". ಅವ್ವನಿಗೆ ಇಂಗ್ಲಿಷ್ ಬಾರದು. ಆದರೂ ಆ ಮಾತು ಕೇಳಿದಾಗಲೆಲ್ಲ ಅವಳ ಮುಖ ಇಳಿಯುತ್ತಿತ್ತು. ನನಗೆ ಚಿಪ್ಪಿಗಿಂತ ಅವಳದ್ದೇ ಸಂಕಟ ಹೆಚ್ಚಾಯಿತು.

ಅಂಚಿನ ಸಾಲಿಗೆ ಬಂದಾಗ ಯಂತ್ರದ ಪರದೆಯ ಮೇಲೆ ಹುಲ್ಲಿನಂತೆ ಅಲುಗುತ್ತಿದ್ದ ಗೆರೆಯ ನಡುವಿನಿಂದ ಒಂದು ತೆಳ್ಳನೆಯ ಮೊನೆ ಎದ್ದು ನಿಂತಿತು. ಸರ್ ನನ್ನ ಕಡೆ ತಿರುಗಿದರು.

"ಜೀವ ಐತೇನಬೇ?" ಅವ್ವ ಪಿಸುಗುಟ್ಟಿದಳು.

"ಐತಿ, ಅವ್ವಾ."

ಅಲ್ಲೇ ನೆಲದ ಮೇಲೆ ಕೂತು, ಸೆರಗು ಬಾಯಿಗಿಟ್ಟು ಅತ್ತುಬಿಟ್ಟಳು. ಸರ್ ತಾವೇ ಎದ್ದು ನೀರು ತಂದುಕೊಟ್ಟರು.

ಉಳಿದ ಆ ಒಂದು ಕಂಬದ ಮೇಲೆಯೇ ನನ್ನ ಪ್ರಾಜೆಕ್ಟ್ ಮುಗಿಯಿತು. ಅದಕ್ಕಿಂತ ದೊಡ್ಡ ಸಿಗ್ನಲ್‌ಗಳನ್ನು ಆಮೇಲೆ ಎಷ್ಟೋ ನೋಡಿದ್ದೇನೆ, ಯಾವುದೂ ಹಾಗೆ ಮನಸ್ಸಿನಲ್ಲಿ ಉಳಿದಿಲ್ಲ. ಆ ಚಿಪ್ ಏನು ಮಾಡುತ್ತದೆಂದು ಅವ್ವನಿಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಅದು ಮಗಳ ದುಡಿಮೆ ಎಂದಷ್ಟೇ ಗೊತ್ತಿತ್ತು. ಪೂಜೆ ಮಾಡಲಿಕ್ಕೂ ಅಳಲಿಕ್ಕೂ ಅವಳಿಗೆ ಅಷ್ಟು ಸಾಕಾಗಿತ್ತು.